ಗೋಡೆ ಬುಡದ ಬಿಳಿ ಚುಕ್ಕೆಗಳು

ನಮ್ಮ ಪಕ್ಕದ ಮನೆಯ ಟೈಲರಕ್ಕನ ಬಾಯಿಗೆ ಬೀದಿಯೇ ಹೆದರುತ್ತದೆ. ಹೊಲಿಗೆ ಕಲಿಯಲು ಬಂದ ಹುಡುಗಿಯರು ಮೂಗು ಒರೆಸಿಕೊಳ್ಳುತ್ತ ಮನೆಗೆ ಓಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬಟ್ಟೆಯ ಒಳಮೈ ತಿರುಗಿಸಿ, ಹೊಲಿಗೆ ಎಳೆದು ನೋಡದೆ ಅವಳು ಯಾರ ಕೆಲಸವನ್ನೂ ಒಪ್ಪಿದವಳಲ್ಲ. ಕಣ್ಣು ಮುಚ್ಚಿ ಒಪ್ಪಿದ್ದು ಒಬ್ಬನದನ್ನು ಮಾತ್ರ, ತನ್ನ ತಮ್ಮನದನ್ನು.

ತಾಯಿ ತೀರಿಕೊಂಡಾಗ ಅವನಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಇವಳೇ ಎತ್ತಿ ಆಡಿಸಿ ಬೆಳೆಸಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರ್ಲಿ" ಎಂದು ತಳ್ಳಿಹಾಕಿದಳು. ಅವನೇನೋ ಗೆದ್ದಲಿಗೆ ಔಷಧಿ ಹಾಕುವ ಕೆಲಸ ಹಿಡಿದು ದಡ ಸೇರಿದ. ಅಷ್ಟರಲ್ಲಿ ಇವಳ ಮದುವೆಯ ಮಾತು ಎತ್ತುವವರೇ ಇಲ್ಲವಾದರು. ಮಿಷನ್ ತುಳಿದು ತುಳಿದು ಕೊನೆಗೆ ಎರಡು ಕೋಣೆಯ ಹಳೇ ಮನೆಯೊಂದನ್ನು ಕೊಂಡಳು. ಅದರ ಚಾವಣಿ ನಿಂತಿರುವುದು ಮರದ ತೊಲೆಗಳ ಮೇಲೆ. ಗೆದ್ದಲು ಅಲ್ಲಿಗೆ ಹತ್ತಿದರೆ ಮನೆಯ ಕತೆ ಮುಗಿಯಿತು. ಅವಳಿಗಿರುವುದು ಅದೊಂದೇ.

ಅದಕ್ಕೇ ಸಾಮಾನು ತರುವ ಮೊದಲೇ ತಮ್ಮನಿಗೆ ಹೇಳಿದಳು. ಗೋಡೆಯ ಬುಡದುದ್ದಕ್ಕೂ ನೆಲಕ್ಕೆ ತೂತು ಕೊರೆದು, ಔಷಧಿ ಇಳಿಸಿ, ಬಿಳಿ ಸಿಮೆಂಟಿನಿಂದ ಮುಚ್ಚುವುದು ಅವನ ಕಸುಬು. ಬೀಗದ ಕೈ ಅವನಿಗೆ ಕೊಟ್ಟು ಇವಳು ಅಂಗಡಿಗೆ ಹೊರಟಳು.

"ಸ್ವಲ್ಪ ಹೊತ್ತು ನಿಂತು ನೋಡ್ಬಾರ್ದಾ?" ಎಂದೆ.

"ನನ್ನ ತಮ್ಮನ್ನ ನಾನು ಕಾವಲು ಕಾಯ್ಬೇಕಾ?" ಎಂದು ನನ್ನ ಮೇಲೇ ಹರಿಹಾಯ್ದಳು.

ಸಂಜೆ ನೋಡಿದರೆ ಗೋಡೆಯ ಬುಡದಲ್ಲಿ ಸಾಲಾಗಿ ಬಿಳಿ ಚುಕ್ಕೆಗಳು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಎರಡು ವರ್ಷ ಕಳೆಯಿತು. ಮೊನ್ನೆ ಬಾಗಿಲ ಚೌಕಟ್ಟಿಗೆ ಕೈ ಊರಿದಳು, ಹೆಬ್ಬೆರಳು ಒಳಗೇ ಹೋಯಿತು. ಮಣ್ಣಿನ ಗೆರೆಯೊಂದು ತೊಲೆಯ ಕಡೆಗೆ ಹೊರಟಿತ್ತು. ಆಗಲೂ ತಮ್ಮನ ತಪ್ಪಲ್ಲವಂತೆ, ಔಷಧಿ ಮಾಡಿದವರ ಮೋಸವಂತೆ. ನನಗೆ ಮೈ ಉರಿದುಹೋಯಿತು. ಅವಳ ಕತ್ತರಿ ತೆಗೆದುಕೊಂಡು ಒಂದು ಚುಕ್ಕೆಯನ್ನು ಮೀಟಿದೆ. ಅಂಗಿಯ ಗುಂಡಿಯಂತೆ ಎದ್ದುಬಂತು. ಕೆಳಗೆ ತೂತೇ ಇಲ್ಲ, ನೆಲ ನುಣ್ಣಗಿದೆ.

ಅವಳು ಕತ್ತರಿ ಕಸಿದುಕೊಂಡು ಪಕ್ಕದ್ದನ್ನು ಮೀಟಿದಳು, ಅದರ ಪಕ್ಕದ್ದನ್ನೂ. ಮಂಡಿಯೂರಿ ತೆವಳುತ್ತ ಎರಡೂ ಕೋಣೆ ಸುತ್ತಿದಳು. ಒಂದು ತೂತೂ ಸಿಗಲಿಲ್ಲ.

ಕರೆದ ಕೂಡಲೇ ತಮ್ಮ ಬಂದ. ನೆಲ ನೋಡಿ ಅವನ ಮುಖ ಸಣ್ಣದಾಯಿತು.

"ಅವತ್ತು ಔಷಧಿ ಸಾಲ್ಲಿಲ್ಲ ಅಕ್ಕ. ಇನ್ನೊಂದು ಮನೆ ಕೆಲಸಾನೂ ಒಪ್ಕೊಂಡಿದ್ದೆ. ಅವರು ಎದುರಿಗೇ ನಿಂತಿರ್ತಾರೆ, ಅಲ್ಲಿ ಆಟ ನಡೆಯಲ್ಲ. ಇದು ನಮ್ಮನೇನೇ ಅಲ್ವಾ, ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ."

"ಮತ್ತೆ ಚುಕ್ಕೆ ಯಾಕಿಟ್ಟೆ?"

"ನಿನಗೆ ಬೇಜಾರಾಗ್ಬಾರ್ದು ಅಂತ."

"ಯಾರದೋ ಮನೆಗೆ ಔಷಧಿ, ನನಗೆ ಚುಕ್ಕೆ," ಎಂದಳು ಟೈಲರಕ್ಕ. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು, ಅವನಿಗೂ. ಬೈಯಲಿಲ್ಲ. ಕೊರೆಯುವ ಮಿಷನ್ನು, ಔಷಧಿ ಅವನಿಂದಲೇ ತರಿಸಿ, ಸ್ಟೂಲು ಎಳೆದುಕೊಂಡು ಗೋಡೆಯ ಪಕ್ಕ ಕುಳಿತಳು. ಅವನು ಕೊರೆದ ಒಂದೊಂದು ತೂತಿಗೂ ತಂತಿ ಇಳಿಸಿ ಆಳ ನೋಡಿ, ಆಮೇಲೆ ಔಷಧಿ ಸುರಿಯಲು ಬಿಟ್ಟಳು. ಕೊರೆಯುವವನ ಕಿವಿ ಕೆಂಪಾಗಿತ್ತು.

ಕೆಲಸ ಮುಗಿಯಿತು. ತಮ್ಮ ಹಿತ್ತಲಲ್ಲಿ ಸೋಪು ಹಾಕಿ ಕೈಕಾಲು ತೊಳೆದುಕೊಂಡು ಬಂದು, ಚಿಕ್ಕಂದಿನಿಂದ ಕೂರುವಂತೆ ಒಲೆಯ ಪಕ್ಕದ ಮೂಲೆಯಲ್ಲಿ ಊಟಕ್ಕೆ ಕುಳಿತ. ಅವಳು ತಟ್ಟೆಗೆ ಬಡಿಸಿದಳು. ಬಡಿಸಿದ ತಟ್ಟೆಯನ್ನು ಅವನ ಮುಂದಿನಿಂದಲೇ ದಾಟಿಸಿ, ಹೊರಗೆ ಮೆಟ್ಟಿಲ ಮೇಲೆ ಇಟ್ಟು ಬಂದಳು.

"ಏನಕ್ಕ ಇದು?"

"ಕೆಲಸದವರಿಗೆ ನಾನು ಹೊರಗೇ ಕೊಡೋದು."

ಅವನು ನನ್ನ ಮುಖ ನೋಡಿದ. ಎದ್ದು ಹೋಗಿ ಮೆಟ್ಟಿಲ ಮೇಲೆ ಕುಳಿತು ತಟ್ಟೆ ಎತ್ತಿಕೊಂಡ. ಅವಳು ಒಳಗೆ ನೆಲ ಗುಡಿಸತೊಡಗಿದಳು.