ತೊಂಬತ್ತು ಸೆಕೆಂಡು

ಆಸ್ಪತ್ರೆಯವರೆಲ್ಲ ನನ್ನ ಜೊತೆಗಾರನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಕೂತು, ನಾವಿಬ್ಬರೂ ಕಂಪ್ಯೂಟರುಗಳನ್ನು ನೋಡಿಕೊಂಡೆವು. ರಕ್ತಪರೀಕ್ಷೆಯ ವರದಿಗಳಿದ್ದ ಹಳೆಯ ಯುನಿಕ್ಸ್ ಯಂತ್ರ ಅವನ ಪಾಲಿನದು. ಯಂತ್ರ ಚಾಲೂ ಆದಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳುವ ಸ್ಕ್ರಿಪ್ಟುಗಳನ್ನು ಬರೆದವನೂ ಅವನೇ. ಅದರಲ್ಲೊಂದು ಸಾಲು ಹಾಕಿದ್ದ: ತೊಂಬತ್ತು ಸೆಕೆಂಡು ಸುಮ್ಮನೆ ಕಾಯಬೇಕು.

"ಯಂತ್ರಕ್ಕೂ ನಿನ್ನ ಚಾಳಿ ಅಂಟಿಸಿದ್ಯಲ್ಲೋ," ಎನ್ನುತ್ತಿದ್ದೆ.

"ವರದಿ ಇಟ್ಟಿರೋ ಡಿಸ್ಕಿಗೆ ವಯಸ್ಸಾಗಿದೆ ಕಣೋ. ಎದ್ದು ಕಣ್ಣುಜ್ಜಿಕೊಳ್ಳೋಕಾದ್ರೂ ಬಿಡು."

ಅವನದೊಂದು ಕಟ್ಟಳೆಯಿತ್ತು. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಿಸಿದರೂ ಯಂತ್ರವನ್ನು ಮೂರು ಸಲ ಆರಿಸಿ ಎಬ್ಬಿಸದೆ ಮನೆಗೆ ಹೋಗುತ್ತಿರಲಿಲ್ಲ.

ಅವನು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ರೋಗಿಯಾಗಿ ಮಲಗಿದ್ದಾಗ ಸುಮ್ಮನೆ ಕಾಯುವುದೇಕೆಂದು ನಾನು ಆ ತೊಂಬತ್ತು ಸೆಕೆಂಡಿನ ಸಾಲನ್ನು ಅಳಿಸಿದೆ. ಸಂಜೆ ಮಂಚದ ಪಕ್ಕ ಕೂತು ಹೇಳಿಯೂ ಬಿಟ್ಟೆ.

"ಆರಿಸಿ ನೋಡಿದ್ಯಾ?"

"ಹೂಂ," ಎಂದೆ. ನೋಡಿರಲಿಲ್ಲ. ಇಬ್ಬರ ಕೆಲಸ ಒಬ್ಬನೇ ಮಾಡಿ ನನಗೆ ಸಾಕಾಗಿತ್ತು.

ಅದಾದ ಹನ್ನೊಂದನೆಯ ದಿನ ಅವನು ಹೋದ. ಯಂತ್ರ ಮಾತ್ರ ನಿಲ್ಲದೆ ಓಡುತ್ತಲೇ ಇತ್ತು.

ಮೊನ್ನೆ ಬೆಳಗ್ಗೆ ಕರೆಂಟು ಹೋಗಿ ಬಂದ ಮೇಲೆ ವರದಿಗಳು ತೆರೆಯಲಿಲ್ಲ. ಸ್ಕ್ರಿಪ್ಟನ್ನು ನಾನೇ ಕೈಯಾರೆ ಓಡಿಸಿದರೆ ತೆರೆಯುತ್ತಿದ್ದವು. ಯಂತ್ರ ಆರಿಸಿ ಹಾಕಿದರೆ ಮತ್ತೆ ಇಲ್ಲ. ಮಧ್ಯಾಹ್ನದವರೆಗೂ ಇದೇ ಪಾಡು. ಕೊನೆಗೆ ಯಂತ್ರ ಬರೆದಿಟ್ಟುಕೊಂಡ ದಾಖಲೆಯನ್ನು ಸಾಲುಸಾಲಾಗಿ ಓದಿದೆ. ಡಿಸ್ಕ್ ಏಳುವ ಮೊದಲೇ ಸ್ಕ್ರಿಪ್ಟ್ ಹೋಗಿ ಬಾಗಿಲು ತಟ್ಟಿ, ಯಾರೂ ಇಲ್ಲವೆಂದು ವಾಪಸಾಗಿತ್ತು. ನಾನು ಕೈ ಹಾಕುವ ಹೊತ್ತಿಗೆ ಡಿಸ್ಕ್ ಎದ್ದಿರುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ನಮ್ಮ ಮೇಲಧಿಕಾರಿ ಮೆಟ್ಟಿಲಿಳಿದು ಬಂದರು. ಯಾರ ತಪ್ಪೆಂದು ಅವರು ಬರೆದುಕೊಡಬೇಕಿತ್ತು.

"ಸತ್ತೋರ ಬಗ್ಗೆ ಆಡಬಾರದು ಕಣ್ರೀ. ಆದ್ರೂ ನಿಧಾನಪ್ಪ ಅರ್ಧಂಬರ್ಧ ಮಾಡಿಟ್ಟು ಹೋಗಿದ್ದಾರೆ ಅಂತ ಬರೀತೀನಿ. ಅವರಿಗಿನ್ನೇನು ತೊಂದರೆ?"

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನನಗೂ ಮನೆಗೆ ಹೋಗಿ ಬಿದ್ದುಕೊಂಡರೆ ಸಾಕೆನಿಸಿತ್ತು. ಎದುರಿಗೆ ಅವನ ಖಾಲಿ ಕುರ್ಚಿ.

"ಅವನು ಸರಿಯಾಗೇ ಬರೆದಿದ್ದ ಸಾರ್. ಅಳಿಸಿದ್ದು ನಾನು. ಆರಿಸಿ ನೋಡ್ಲಿಲ್ಲ. ನೋಡಿದೆ ಅಂತ ಅವನಿಗೆ ಸುಳ್ಳು ಹೇಳಿದೆ."

ಅವರು ಜೇಬಿನಿಂದ ಪೆನ್ನು ತೆಗೆದರು. "ಹಾಗೇ ಬರೀಲಾ?"

"ನನ್ನ ಹೆಸರು ಹಾಕಿಯೇ ಬರೀರಿ."

ಸಾಲನ್ನು ಮತ್ತೆ ಹಾಕಿ, ಯಂತ್ರ ಆರಿಸಿ ಎಬ್ಬಿಸಿದೆ. ತೊಂಬತ್ತು ಸೆಕೆಂಡು ಪರದೆ ಕದಲಲಿಲ್ಲ. ಕೈ ಕಟ್ಟಿ ಕೂತೆ. ಆಮೇಲೆ ವರದಿಗಳು ತೆರೆದವು. ಕೂಡಲೇ ಲ್ಯಾಬಿನ ಸಿಸ್ಟರ್ ಫೋನು: "ಬಂತು ಸಾರ್! ದಮ್ಮಯ್ಯ, ಇನ್ನು ಮುಟ್ಟಬೇಡಿ."

"ಇನ್ನೂ ಎರಡು ಸಲ ಇದೆ ಕಣಮ್ಮ," ಎಂದು ಮತ್ತೆ ಆರಿಸಿದೆ.