ಸೊನ್ನೆ ಮೇಡಂ, ಅಣ್ಣನ ಹಿಟ್ಟು

ಸುಯ್ಯೆಂದು ಅನಿಲ ಹರಿಯಿತು. ಹಿಂದೆಯೇ ಟಕ್ ಎಂದಿತು ಯಂತ್ರದೊಳಗಿನ ಪುಟ್ಟ ಕುಲುಮೆ. ಕಿರುಬೆರಳಿಗಿಂತ ಚಿಕ್ಕದಾದ ಅದರ ಕಪ್ಪು ನಳಿಕೆ ಕೆಂಪಾಗಿ, ಬೆಳ್ಳಗಾಗಿ, ಆರುವಷ್ಟರಲ್ಲಿ ಒಳಗೆ ಬಿದ್ದ ಹನಿಯಲ್ಲಿ ಎಷ್ಟು ಸೀಸವಿದೆ ಎಂಬುದು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಆಹಾರ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಈ ಟಕ್ ಕೇಳುತ್ತಲೇ ಅವಳ ತಲೆಗೂದಲು ನರೆತಿತ್ತು. ಇವತ್ತು ಮಾತ್ರ ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತಿತ್ತು.

ಜೊತೆಯವರು ಅವಳಿಗೆ ಇಟ್ಟ ಹೆಸರು ಸೊನ್ನೆ ಮೇಡಂ. ಮಾದರಿಗಳನ್ನು ಆಮ್ಲದಲ್ಲಿ ಕರಗಿಸುವಾಗ, ಏನನ್ನೂ ಹಾಕದ ಒಂದು ಪಾತ್ರೆಯನ್ನೂ ಅವಳು ಅದೇ ಆಮ್ಲ, ಅದೇ ಕಾವು, ಅದೇ ನೀರು ದಾಟಿಸಿ ತರುತ್ತಿದ್ದಳು. ಅದೇ ಬ್ಲ್ಯಾಂಕ್; ಅದರಲ್ಲಿ ಬರಬೇಕಾದದ್ದು ಸೊನ್ನೆ. ಅದರಲ್ಲಿ ಸೀಸ ಕಂಡರೆ ಅದು ಆಹಾರದ್ದಲ್ಲ. ನಮ್ಮ ಧೂಳಿನದು, ನಮ್ಮ ಕೈಯದು. ಅಂದಿನ ದುಡಿಮೆಯೆಲ್ಲ ನೀರುಪಾಲು. ಆ ಸೊನ್ನೆಗಾಗಿ ಅವಳು ಉಂಗುರ ಬಿಟ್ಟಳು, ಪೌಡರ್ ಬಿಟ್ಟಳು, ಗಾಜಿನ ಪಾತ್ರೆಗಳನ್ನು ಹಸುಗೂಸಿನಂತೆ ಮೀಯಿಸಿದಳು. "ಆ ಸೊನ್ನೆಯನ್ನೇ ಮದುವೆ ಆಗ್ಬಿಡು, ವರದಕ್ಷಿಣೆ ಕೇಳಲ್ಲ" ಎಂದು ಅಣ್ಣ ರೇಗಿಸುತ್ತಿದ್ದ.

ಇವತ್ತಿನ ಮಾದರಿ ಆ ಅಣ್ಣನದೇ. ಅವನದು ಹಿಟ್ಟಿನ ಗಿರಣಿ. ಈಚೆಗೆ ಯಾವುದೋ ಹಳೆಯ ಗಿರಣಿಯಿಂದ ಬೀಸುಕಲ್ಲುಗಳ ಜೋಡಿಯೊಂದನ್ನು ತಂದು ಕೂರಿಸಿದ್ದ. ಕಳೆದ ಭಾನುವಾರ ಅವಳು ಹೋದಾಗ ಮೇಲಿನ ಕಲ್ಲನ್ನು ಎತ್ತಿಟ್ಟು ಗುಡಿಸುತ್ತಿದ್ದ. ಕಬ್ಬಿಣದ ಕೀಲಿನ ಸುತ್ತ ಬೂದುಬಣ್ಣದ್ದೇನೋ ಮಿನುಗಿತು.

"ಅಲುಗಾಡ್ಬಾರ್ದು ಅಂತ ಹಳಬರು ಸೀಸ ಕಾಯಿಸಿ ಹೊಯ್ದಿದ್ದಾರೆ ಕಣೇ. ಎಂಥಾ ತಲೆ ನೋಡು!" ಎಂದ.

ಗಿರಣಿಯ ಮೇಲಿನ ಮನೆಯಲ್ಲಿ ಅತ್ತಿಗೆ ತುಂಬು ಬಸುರಿ. ಎಷ್ಟೋ ವರ್ಷಗಳ ಮೇಲೆ ನಿಂತ ಬಸಿರು. ಅವಳು ಉಣ್ಣುವುದು ಇದೇ ಹಿಟ್ಟು. ತಾಯಿಯ ರಕ್ತ ಸೇರಿದ ಸೀಸ ಹೊಟ್ಟೆಯ ಕೂಸನ್ನು ಬಿಡುವುದಿಲ್ಲ. ಪರೀಕ್ಷಿಸದೆ ಹೇಳಬಾರದೆಂದು ತಂಗಿ ಒಂದು ಹಿಡಿ ಹಿಟ್ಟು ಕಟ್ಟಿಕೊಂಡು ಬಂದಳು.

ಆಮ್ಲದಲ್ಲಿ ಹಿಟ್ಟು ಕರಗಿ ತಿಳಿನೀರಾಯಿತು. ಕಣ್ಣಿಗೆ ಎಷ್ಟು ನಿರ್ಮಲ! ಆದರೆ ಟಕ್ ಎಂದದ್ದೇ ಗೆರೆ ಪರದೆಯ ನೆತ್ತಿಗೆ ಏರಿತು. ಹೊಸದಾಗಿ ತೂಗಿ ಕರಗಿಸಿದ ಇನ್ನೊಂದು ಪಾಲೂ ಅಷ್ಟೇ ಏರಿತು.

ಯಾವಾಗಲೂ ಮೊದಲು ನೋಡುವ ಬ್ಲ್ಯಾಂಕನ್ನು ಅವಳು ಇವತ್ತು ಕೊನೆಗೆ ಉಳಿಸಿಕೊಂಡಿದ್ದಳು. ಕಾಲು ಸುಟ್ಟ ಬೆಕ್ಕಿನಂತೆ ಕಿಟಕಿಗೂ ಯಂತ್ರಕ್ಕೂ ಓಡಾಡಿದಳು. ಬೆಳಿಗ್ಗೆ ಬಾಗಿಲು ತೆರೆದಿಟ್ಟಿದ್ದೆನೇನೋ. ಪಾತ್ರೆ ಸರಿಯಾಗಿ ತೊಳೆದಿರಲಿಲ್ಲವೇನೋ. ಕೊಳೆ ನನ್ನದೇ ಆಗಿರಲಿ, ನನ್ನ ಕೈಯದೇ ಆಗಿರಲಿ.

ಟಕ್.

ಗೆರೆ ಮಲಗಿದಲ್ಲೇ ಮಲಗಿತ್ತು.

ಪಕ್ಕದ ಮೇಜಿನವನು ಇಣುಕಿದ. "ಏನ್ ಮೇಡಂ, ಸೊನ್ನೆ ಬಂದಿದೆ, ಸ್ವೀಟ್ ಕೊಡ್ಸೋದು ಬಿಟ್ಟು ಮುಖ ಇಷ್ಟು ಸಪ್ಪಗೆ?"

ಅವಳು ಚೀಲ ಹೆಗಲಿಗೇರಿಸಿ ಹೊರಟಾಗಿತ್ತು.

ಗಿರಣಿಯ ಮುಂದೆ ಚೀಲ ಹಿಡಿದ ಜನ. ಒಳಗೆ ರೆಪ್ಪೆವರೆಗೂ ಬೆಳ್ಳಗಾದ ಅಣ್ಣ. ಕಲ್ಲಿನ ಗದ್ದಲದಲ್ಲಿ ಅವಳು ಕೂಗಿದ್ದು ಅವನಿಗೆ ಕೇಳಲಿಲ್ಲ, "ಊಟ ಆಯ್ತಾ?" ಎಂದು ಅವನೂ ಕೂಗಿದ. ಅವಳು ನೇರ ಹೋಗಿ ಸ್ವಿಚ್ ಆರಿಸಿದಳು. ಕಲ್ಲು ಗೊರಗೊರ ಎಂದು ನಿಂತಿತು.

"ಏನೇ ಇದು, ಹುಚ್ಚು ಹಿಡಿದಿದ್ಯಾ? ಜನ ಕಾಯ್ತಿದ್ದಾರೆ!"

"ಹಿಟ್ಟಲ್ಲಿ ಸೀಸ ಇದೆ, ಅಣ್ಣ. ತುಂಬಾ ಇದೆ. ಯಾರಿಗೂ ಕೊಡ್ಬೇಡ."

ಜನ ಕಿವಿ ನಿಮಿರಿಸಿದರು. ಹೆಂಗಸೊಬ್ಬಳು ಆಗಷ್ಟೇ ತುಂಬಿಸಿಕೊಂಡ ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿದಳು. ಅಣ್ಣ ತಂಗಿಯ ತೋಳು ಹಿಡಿದು ಮೂಲೆಗೆಳೆದ.

"ಮೆಲ್ಲಗೆ ಮಾತಾಡೇ, ಮಾರಾಯ್ತಿ! ನಾನೂ ಅದನ್ನೇ ತಿಂತಿಲ್ವಾ? ಗುಂಡುಕಲ್ಲಿನ ಹಾಗಿದ್ದೀನಿ. ಒಂದು ಚೂರು ಧೂಳು ಬಿದ್ರೂ ಎಲ್ಲಾ ತಪ್ಪಾಗುತ್ತೆ ಅಂತ ನೀನೇ ತಾನೇ ಹೇಳ್ತಿದ್ದೆ? ಹಂಗೇ ಏನೋ ಆಗಿರುತ್ತೆ."

"ಹಂಗೇ ಆಗ್ಲಿ ಅಂತ ನಾನೂ ಬೇಡ್ಕೊಂಡೆ. ಬ್ಲ್ಯಾಂಕ್ ಸೊನ್ನೆ ಬಂತು."

ಅಣ್ಣನ ಕೈ ಅವಳ ತೋಳಿನಿಂದ ಜಾರಿತು. ಕಲ್ಲಿನ ಕಡೆ ನೋಡಿದ. ತಾನೇ ಹೆಗಲು ಕೊಟ್ಟು ಇಳಿಸಿದ್ದ ಕಲ್ಲು. ಆಮೇಲೆ ಮೇಲಿನ ಮನೆಯತ್ತ ಕತ್ತೆತ್ತಿದ.

"ಸರಿ, ನಿಲ್ಲಿಸ್ತೀನಿ," ಎಂದ. "ಆದ್ರೆ ನಿಮ್ಮತ್ತಿಗೆಗೆ ಈಗ್ಲೇ ಬೇಡ. ಮೊದ್ಲೇ ಪುಕ್ಕಲಿ. ಇವತ್ತೊಂದು ದಿನ ಬಿಡು. ನಾಳೆ ನಾನೇ ನಿಧಾನಕ್ಕೆ ಹೇಳ್ತೀನಿ. ಅವಳಿಗೆ ಹೇಳೋದು ಹೇಗೆ ಅಂತ ನಿಂಗೊತ್ತಿಲ್ಲ, ಮೊದ್ಲು ಸ್ವಲ್ಪ ನಗಿಸ್ಬೇಕು, ಆಮೇಲೆ..."

ಮೇಲೆ ಅತ್ತಿಗೆ ಹಿಟ್ಟು ನಾದುವ ಸದ್ದು ಕೇಳುತ್ತಿತ್ತು. ನಗಿಸುವುದು ಹೇಗೆಂದು ಅಣ್ಣ ಇನ್ನೂ ಹೇಳುತ್ತಲೇ ಇದ್ದ. ಅವಳು ಅವನನ್ನು ದಾಟಿ ಎರಡೆರಡು ಮೆಟ್ಟಿಲು ಹತ್ತತೊಡಗಿದಳು.