ಬೋಳು ಬೀದಿಗೆ ಹದಿನೆಂಟು ಸಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿ ಗುಡಿಸುವ ಈಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸಸಿಯ ಬುಡಕ್ಕೆ ಬೆರಳು ತೂರಿಸುತ್ತಾಳೆ. ಒಳಗೆಲ್ಲ ಒಣ ಮಣ್ಣು. ಪಕ್ಕದಲ್ಲಿ ಬೋರಲು ಹಾಕಿದ್ದ ಖಾಲಿ ಡಬ್ಬಿಯನ್ನು ನೆಟ್ಟಗೆ ಇಟ್ಟು, ಮೂಲೆಮನೆಯ ಕಿಟಕಿಗೆ ಕೇಳುವಂತೆ ದನಿಯೇರಿಸುತ್ತಾಳೆ.

“ಯಜಮಾನ್ರೇ, ಬರೀ ಡಬ್ಬಿ ಮಗುಚಿದ್ರೆ ಸಾಕಾ? ನೀರೂ ಹಾಕ್ಬೇಕು!”

ಒಳಗಿನಿಂದ ಕೆಮ್ಮು ಮಾತ್ರ ಬರುತ್ತದೆ. ಯಜಮಾನರಿಗೆ ಅಲ್ಲಿ ಸಸಿಗಿಂತ ತಮ್ಮ ಕಾರು ನಿಂತರೆ ಚೆಂದ.

ಪ್ರತಿ ಸಸಿಯ ಪಕ್ಕದಲ್ಲೂ ಇಂಥದ್ದೊಂದು ಡಬ್ಬಿ; ಅದರ ಲೆಕ್ಕ ಸುಲಭ ಎನ್ನುತ್ತಾಳೆ ಆಕೆ. “ಮಗುಚಿದ್ರೆ ಯಾರೋ ನೀರು ಹಾಕಿದ್ದಾರೆ ಅಂತ. ನೆಟ್ಟಗಿದ್ರೆ ಬಾಯಾರಿದೆ ಅಂತ. ಚಿಕ್ಕ ಮಕ್ಕಳಿಗೂ ಗೊತ್ತಾಗತ್ತೆ.”

ಈ ಉಪಾಯ ಸುಮ್ಮನೆ ಹೊಳೆದದ್ದಲ್ಲ. ಹೋದ ಬೇಸಿಗೆಯಲ್ಲಿ ಆಕೆ ಮನೆಮನೆಯ ಬಾಗಿಲು ಬಡಿದು, “ಒಂದೊಂದು ಚೊಂಬು ನೀರು ಹಾಕಿ, ಪುಣ್ಯ ಬರತ್ತೆ” ಎಂದು ಅಂಗಲಾಚಿದ್ದಳು. ಜನ ಹಾಕಿದರು. ಕೆಲಸಕ್ಕೆ ಹೊರಟವರು ಹಾಕಿದರು, ಬಂದವರು ಹಾಕಿದರು, ತರಕಾರಿ ತೊಳೆದವರು ಹಾಕಿದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದೆ, ಆಗ ಆಕೆ ನೆಟ್ಟಿದ್ದ ಸಸಿಗಳೆಲ್ಲ ಬೇರು ಕೊಳೆತು ಸತ್ತವು. “ಯಾರೂ ನೀರು ಹಾಕ್ದೆ ಸತ್ತಿದ್ರೆ ಬೈಬೋದಿತ್ತು. ಅಕ್ಕರೆಯಿಂದ ಹಾಕಿದೋರನ್ನ ಏನಂತ ಬೈಯೋದು? ಹಾಕಿ ಅಂದಿದ್ದೂ ನಾನೇ.”

ಆ ದಿನ ಆಕೆ ಪೊರಕೆ ಹಿಡಿದೇ ಅತ್ತಳಂತೆ. ಆದರೆ ಕೈಚೆಲ್ಲಿ ಕೂರುವ ಜಾಯಮಾನ ಅವಳದಲ್ಲ. ಮಳೆ ನಿಂತ ಮೇಲೆ ಮತ್ತೆ ಹದಿನೆಂಟು ಸಸಿ ನೆಟ್ಟಳು.

ಈ ಸಲ ಸೋಲುವಂತಿಲ್ಲ. ಬಡಾವಣೆಯ ಹಸಿರು ಯೋಜನೆಯ ನಕ್ಷೆ ಸಿದ್ಧವಾಗುತ್ತಿದೆ. ಬೇಸಿಗೆ ದಾಟಿ ಸಸಿಗಳು ಬದುಕಿದ್ದರೆ ಬೀದಿಯ ಅಂಚು ಮರಗಳಿಗೆ, ಇಲ್ಲವಾದರೆ ಕಾಂಕ್ರೀಟು ಸುರಿದು ಕಾರುಗಳಿಗೆ ಎಂದು ಇಂಜಿನಿಯರು ಖಡಾಖಂಡಿತವಾಗಿ ಹೇಳಿದ್ದಾರೆ. ಸದ್ಯಕ್ಕೆ ಒಂದು ಒಣಗಿದೆ, ಹದಿನೇಳು ಚಿಗುರಿವೆ. ಸುಡುಬಿಸಿಲಿನ ದಿನಗಳು ಇನ್ನೂ ಬಾಕಿ ಇವೆ. ಅದಕ್ಕೇ ಆಕೆ ರಜೆಯ ದಿನವೂ ಬಂದು ಮಣ್ಣು ಮುಟ್ಟಿ ನೋಡುತ್ತಾಳೆ, ಯಾರೂ ನೀರು ಹಾಕದ ಕಡೆ ತಾನೇ ಬಿಂದಿಗೆ ಹೊರುತ್ತಾಳೆ.

ಅವಳ ಅಕ್ಕ ಬಟ್ಟೆ ಹೊಲಿಯುವಾಕೆ. ಇಬ್ಬರದೂ ಒಂದೇ ಕೋಣೆಯ ಸಂಸಾರ. ಕೆಲಸ ಮುಗಿಸಿ ಬಂದು ಕಾಲು ಚಾಚಿದ ತಂಗಿಯನ್ನು ಅಕ್ಕ ಹೊಲಿಗೆ ಯಂತ್ರದ ಹಿಂದಿನಿಂದಲೇ ಕಿಚಾಯಿಸುತ್ತಾಳೆ.

“ಅಲ್ವೇ, ಮರ ಬೆಳೆದು ಎಲೆ ಉದುರಿದ್ರೆ ಗುಡಿಸೋಳು ಯಾರು? ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತಿದ್ದೀಯಲ್ಲ!”

“ಹಾಕ್ಕೋತೀನಿ ಬಿಡಕ್ಕ,” ಎನ್ನುತ್ತಾಳೆ ತಂಗಿ. “ರಾಶಿರಾಶಿ ಎಲೆ ಬೀಳ್ಬೇಕು. ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಗ್ಬೇಕು. ಅವತ್ತು ನಿಂತ್ಕೊಂಡು ಆ ಮರಗಳಿಗೆ ಬಾಯ್ತುಂಬ ಬೈತೀನಿ.”